ಸಹಿ ಬರುತ್ತೆ

ನಮ್ಮಜ್ಜಿ ಸಹಿ ಹಾಕೋದನ್ನ ನೀವು ಒಮ್ಮೆ ನೋಡಬೇಕು. ಮೊದಲು ಸೆರಗಿಗೆ ಬಲಗೈ ಒರೆಸಿಕೊಳ್ಳುತ್ತಾಳೆ. ಪೆನ್ನು ಗಟ್ಟಿಯಾಗಿ ಹಿಡಿದು, ಕಾಗದದ ಮೇಲೆ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಒಂದು ಚುಕ್ಕಿ ಇಡುತ್ತಾಳೆ. ಆಮೇಲೆ ರಂಗೋಲಿ ಬಿಟ್ಟ ಹಾಗೆ, ಉಸಿರು ಹಿಡಿದುಕೊಂಡು, ಎಳೆಯುತ್ತಾ ಹೋಗುತ್ತಾಳೆ. ಹೆಸರಲ್ಲಿ ಆರು ಅಕ್ಷರ, ಅದರಲ್ಲೊಂದಕ್ಕೆ ಒತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಕೆಟ್ಟಿತು. ಬಿಟ್ಟಲ್ಲಿಂದ ಮುಂದುವರಿಸೋಕೆ ಆಗಲ್ಲ, ಮತ್ತೆ ಮೊದಲಿನ ಚುಕ್ಕಿಯಿಂದಲೇ ಬರಬೇಕು. ಚಿಕ್ಕವನಿದ್ದಾಗ ನನಗೆ ಅದೊಂದು ತಮಾಷೆ. "ಮೂರನೇ ಅಕ್ಷರ ಯಾವ್ದಜ್ಜಿ?" ಅಂತ ಕೇಳಿದರೆ "ಹೋಗ್ಲಾ, ಕೆಲ್ಸ ಐತೆ" ಅಂತ ಎದ್ದು ಹೋಗುತ್ತಿದ್ದಳು. ಅವಳಿಗೆ ಹೇಳೋಕೇ ಬರುತ್ತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಆ ಸಹಿಯಿಂದ ನಮ್ಮ ಮನೆಗೆ ಬಿದ್ದ ಹೊರೆ 46 ಸಾವಿರ ರೂಪಾಯಿ.

2023ರಲ್ಲಿ ನಾನು ಸೆಕೆಂಡ್ ಪಿಯುಸಿ. ಊರು ಶಿರಾ ಕಡೆ. ಬೀದಿಯ ಐದು ಜನ ಹೆಂಗಸರು ಗುಂಪು ಮಾಡಿಕೊಂಡು ಸಾಲ ತೆಗೆದರು. ಕಂಪನಿ ಹೆಸರು ಇಲ್ಲಿ ಬೇಡ. ಅಜ್ಜಿ ಎರಡು ಮೇಕೆ ತರೋಕೆ ಸಣ್ಣ ಮೊತ್ತ ತೆಗೆದುಕೊಂಡಿದ್ದಳು, ವಾರ ವಾರ ತಪ್ಪದೆ ಕಟ್ಟುತ್ತಿದ್ದಳು. ಏಳೆಂಟು ತಿಂಗಳಾದ ಮೇಲೆ ಗುಂಪಿನ ಇಬ್ಬರು ಕಟ್ಟೋದು ನಿಲ್ಲಿಸಿದರು. ಒಬ್ಬರ ಮನೆಗೆ ಬೀಗ ಬಿತ್ತು, ಬೆಂಗಳೂರಿಗೆ ಹೋದರು ಅಂದರು. ವಸೂಲಿಗೆ ಬಂದವನು ನಮ್ಮ ಜಗಲಿಯ ಮೇಲೆ ಕೂತು ಕಾಗದ ತೆಗೆದ. ಗುಂಪಿನ ಯಾವುದೇ ಸದಸ್ಯರು ಕಂತು ಕಟ್ಟದಿದ್ದರೆ ಉಳಿದವರೇ ಕಟ್ಟಬೇಕು ಅನ್ನೋ ಸಾಲು ಅದರಲ್ಲಿತ್ತು. ಕೆಳಗೆ ಅಜ್ಜಿಯ ಆರು ಅಕ್ಷರ, ಒತ್ತು ಸಮೇತ.

ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಅದೂ ಸರಿಯಾಗೇ ಇತ್ತು. ಕಾಗದವೆಲ್ಲ ಕನ್ನಡದಲ್ಲೇ ಇತ್ತು. ನಿಯಮ ಮುರಿದರು ಅಂತ ಬೈಯೋಕೂ ದಾರಿ ಇರಲಿಲ್ಲ.

ನನಗೆ ಈಗಲೂ ನುಂಗೋಕೆ ಆಗದ ವಿಷಯ ಇನ್ನೊಂದು. ಆ ಗುಂಪಿನಲ್ಲಿ ಇಬ್ಬರು ಹೆಬ್ಬೆಟ್ಟಿನವರಿದ್ದರು. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಸಾಕ್ಷಿ ಬೇಕು, ಒಕ್ಕಣೆಯನ್ನು ಓದಿ ಹೇಳಬೇಕು ಅನ್ನೋ ರೂಢಿ ಇದೆಯಲ್ಲ, ಅದರಂತೆ ಅವರಿಬ್ಬರನ್ನೂ ಕೂರಿಸಿ ಓದಿ ಹೇಳಿದ್ದಾರೆ. ಅಜ್ಜಿಗೆ "ನಿಮ್ಗೆ ಸಹಿ ಬರುತ್ತಲ್ಲ ಅಜ್ಜಿ, ಇಲ್ಲಿ, ಇಲ್ಲಿ, ಇಲ್ಲಿ" ಅಂತ ಮೂರು ಕಡೆ ಬೆರಳು ತೋರಿಸಿದ್ದಾರೆ. ಅವಳು ಹಾಕಿ, ಮೇಕೆಗೆ ಸೊಪ್ಪು ಹಾಕೋಕೆ ಎದ್ದು ಬಂದಿದ್ದಾಳೆ. "ನಂಗೊತ್ತಿತ್ತಲ್ಲ, ಓದಿ ಯೋಳಿದ್ರಲ್ಲ" ಅಂತ ಹೆಬ್ಬೆಟ್ಟಿನ ಆ ದೊಡ್ಡಮ್ಮ ಆಮೇಲೆ ಆರಾಮಾಗಿ ಅಂದಾಗ ನಮ್ಮಜ್ಜಿ ಮುಖ ನೋಡೋಕಾಗಲಿಲ್ಲ. ಓದು ಬಾರದ ಇಬ್ಬರಿಗೆ ಕಾಗದದಲ್ಲಿ ಏನಿದೆ ಅಂತ ಗೊತ್ತಿತ್ತು, ಅಕ್ಷರಸ್ಥೆಗೆ ಗೊತ್ತಿರಲಿಲ್ಲ.

ದುಡ್ಡು ಕೊನೆಗೆ ಅಪ್ಪ ಕಟ್ಟಿದರು. ನನ್ನ ಲ್ಯಾಪ್‌ಟಾಪ್‌ಗೆ ಅಂತ ಎತ್ತಿಟ್ಟಿದ್ದು ಅದರಲ್ಲೇ ಹೋಯಿತು. ಫಸ್ಟ್ ಇಯರ್ ಪೂರ್ತಿ ನಾನು ಪ್ರೋಗ್ರಾಂ ಬರೆದಿದ್ದು ರೂಮ್‌ಮೇಟ್ ಮಲಗಿದ ಮೇಲೆ, ಅವನ ಲ್ಯಾಪ್‌ಟಾಪ್‌ನಲ್ಲಿ. (ಅವನು ಇದನ್ನ ಓದ್ತಿದ್ದರೆ: ಆ ಎಂಟರ್ ಕೀ ಸಡಿಲ ಮಾಡಿದ್ದು ನಾನೇ.) 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದ ವಸೂಲಿ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದಾಗ ಹಾಸ್ಟೆಲಿನ ಟಿವಿ ಮುಂದೆ ನಾನೊಬ್ಬನೇ ಅಷ್ಟು ಗಮನ ಕೊಟ್ಟು ಕೂತಿದ್ದೆ ಅನ್ಸುತ್ತೆ.

ಸಾಲದ ಪುಸ್ತಕ ಹುಡುಕೋಕೆ ಅವತ್ತು ಅಪ್ಪ ಅಜ್ಜಿಯ ಟ್ರಂಕು ತೆಗೆದಾಗ ಹಳೇ ರೇಷನ್ ಕಾರ್ಡಿನ ಕೆಳಗೆ ಹಳದಿ ತಿರುಗಿದ ಒಂದು ಸರ್ಟಿಫಿಕೇಟು ಸಿಕ್ಕಿತು. ಅಜ್ಜಿ ನವಸಾಕ್ಷರೆ ಅಂತ ಅದರಲ್ಲಿ ಬರೆದಿತ್ತು. 1992ರದ್ದು. ನಮ್ಮ ಮನೆಯಲ್ಲಿ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದ ಮೊದಲನೆಯವಳು ಅಜ್ಜಿಯೇ, ಅಪ್ಪನ ಎಸ್‌ಎಸ್‌ಎಲ್‌ಸಿಗಿಂತ ಮುಂಚೆ. ಯಾರೂ ಒಂದು ದಿನ ಹೇಳಿರಲಿಲ್ಲ.

ಕೇಳಿದೆ. "ರಾತ್ರಿ ಉಂಡಾದ್ ಮ್ಯಾಲೆ ಗುಡಿ ಜಗಲಿ ಮ್ಯಾಗೆ ಕ್ಲಾಸು ಕಣ್ಲಾ. ಒಂದು ಲಾಟೀನು, ಹದಿನೈದು ಜನ. ಪಾಠ ಯೋಳಕ್ಕೆ ಪಿಯುಸಿ ಫೇಲಾದ್ ಹುಡ್ಗ. ಮೂರು ಪುಸ್ತಕ. ಸ್ಲೇಟು ಅವ್ರೇ ಕೊಟ್ರು. ಮೊದ್ಲು ಒಂದಿನ ಹಾಡು ಹಾಡ್ಕಂಡು, ನಾಟ್ಕ ಆಡ್ಕಂಡು ಬಂದಿದ್ರು" ಅಂದಳು. "ಪರೀಕ್ಷೆ ಪಾಸ್ ಆಗಿದ್ದೆಂಗೆ?" "ಹೆಸ್ರು ಬರೆಸಿದ್ರು, ಬರ್ದೆ. ಒಂದು ಪುಟ ಓದು ಅಂದ್ರು. ಆ ಪುಟ ನಂಗೆ ಬಾಯಿಗೇ ಬತ್ತಿತ್ತು!" ಹೇಳಿ ನಕ್ಕಳು. ವೈವಾದಲ್ಲಿ ನಾವು ಮಾಡೋದೂ ಅದೇ ತಾನೆ?

ಅಜ್ಜಿ ಕೂತಿದ್ದ ಆ ಲಾಟೀನಿನ ಬೆಳಕು ದೇಶದ ಉದ್ದಗಲಕ್ಕೂ ಹಚ್ಚಿದ್ದ ಒಂದು ದೊಡ್ಡ ಯೋಜನೆಯ ತುಣುಕು ಅಂತ ನಾನು ಆಮೇಲೆ ಓದಿ ತಿಳಿದೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 15ರಿಂದ 35 ವಯಸ್ಸಿನವರು ಅದರ ಗುರಿ. 1989ರ ಜನವರಿ 26ರಂದು ಕೇರಳದ ಎರ್ನಾಕುಲಂನಲ್ಲಿ ಜಿಲ್ಲಾಡಳಿತ ಮತ್ತು ಶಾಸ್ತ್ರ ಸಾಹಿತ್ಯ ಪರಿಷತ್ತು ಸೇರಿ, ಸಂಬಳವಿಲ್ಲದ ಸ್ವಯಂಸೇವಕರನ್ನೇ ನಂಬಿಕೊಂಡು ಇಡೀ ಜಿಲ್ಲೆಗೆ ಅಕ್ಷರ ಕಲಿಸೋಕೆ ಹೊರಟವು. ಒಂದೇ ವರ್ಷ. 1990ರ ಫೆಬ್ರವರಿ 4ರಂದು ಪ್ರಧಾನಿ ವಿ.ಪಿ. ಸಿಂಗ್ ಬಂದು ಅದನ್ನು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಅಂತ ಘೋಷಿಸಿದರು. ಮರುವರ್ಷ ಏಪ್ರಿಲ್ 18ಕ್ಕೆ ಇಡೀ ಕೇರಳದ್ದೂ ಆಯಿತು. ಆ ಘೋಷಣೆ ಮಾಡಿದ್ದು ಮಂತ್ರಿ ಅಲ್ಲ, ಚೇಲಕ್ಕೋಡನ್ ಆಯಿಷಾ ಅನ್ನೋ ಹೊಸದಾಗಿ ಅಕ್ಷರ ಕಲಿತ ಹಿರಿಯ ಹೆಂಗಸು. 1990ರ ಕೊನೆಯಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು, ಬೀದಿ ನಾಟಕ ಹೊತ್ತು ದೇಶ ಸುತ್ತಿತು. ಅಲ್ಲಿಂದ ಮುಂದೆ ಇದೇ ಮಾದರಿ ಜಿಲ್ಲೆ ಜಿಲ್ಲೆಗೂ ಹಬ್ಬಿ ನಮ್ಮೂರ ಗುಡಿ ಜಗಲಿಗೂ ಬಂತು.

ನಾವು ಇಂಜಿನಿಯರುಗಳಲ್ವಾ, ಸ್ಪೆಸಿಫಿಕೇಷನ್ ನೋಡದೆ ಇರೋಕಾಗುತ್ತಾ? ಮಿಷನ್ನಿನವರು ಸಾಕ್ಷರರು ಅಂದರೆ ಯಾರು ಅಂತ ಅಳತೆ ಹಾಕಿಟ್ಟಿದ್ದರು. ಸರಳವಾದ ಪಾಠವನ್ನು ನಿಮಿಷಕ್ಕೆ 30 ಪದದಂತೆ ಗಟ್ಟಿಯಾಗಿ ಓದಬೇಕು, ಮನಸ್ಸಿನಲ್ಲೇ ಆದರೆ 35. ನೋಡಿ ಬರೆಯೋದು ನಿಮಿಷಕ್ಕೆ 7 ಪದ, ಉಕ್ತಲೇಖನ 5. ನೂರರವರೆಗೆ ಅಂಕಿ ಓದಿ ಬರೆಯಬೇಕು. ಇದಕ್ಕೆ ಮೂರು ಹಂತದ ಮೂರು ಪುಸ್ತಕ, ಸುಮಾರು 200 ಗಂಟೆ. ಕೆಟ್ಟ ಅಳತೆ ಅಲ್ಲ ಇದು. ಆದರೆ ಅಜ್ಜಿಯ ಸಾಲದ ಕಾಗದ ನಾನು ಎಣಿಸಿದೆ: ಮೂರು ಪುಟ, ಸುಮಾರು 900 ಪದ. ನಿಮಿಷಕ್ಕೆ 30 ಅಂದರೆ ಅರ್ಧ ಗಂಟೆ. ಅದೂ 'ಸದರಿ', 'ಮೇಲ್ಕಾಣಿಸಿದ', 'ಬಾಧ್ಯಸ್ಥರು' ಎಲ್ಲ ಒಂದೇ ಏಟಿಗೆ ಅರ್ಥವಾದರೆ. ಸಹಿ ಮಾಡೋಕೆ ಅವಳಿಗೆ ಸಿಕ್ಕಿದ್ದು ಎರಡು ನಿಮಿಷ ಇರಬಹುದು. ಅಂದರೆ ಅವಳು 1992ರಲ್ಲಿ ಕಲಿತದ್ದನ್ನು ಒಂದು ಚೂರೂ ಮರೆಯದೆ ಇದ್ದಿದ್ದರೂ ಆ ಸಾಲಿನ ತನಕ ತಲುಪುತ್ತಿರಲಿಲ್ಲ.

ಮತ್ತೆ, ಮರೆಯದೆ ಇರೋದಾದರೂ ಹೇಗೆ? ಕಲಿತ ಮೇಲೆ ಓದೋಕೆ ಏನಿತ್ತು? ಕಾಗದದ ಮೇಲೆ ಎಲ್ಲ ಇತ್ತು. ನಾಲ್ಕೈದು ಹಳ್ಳಿಗೆ ಒಂದು ಜನ ಶಿಕ್ಷಣ ನಿಲಯ, ಆಮೇಲಿನ ವರ್ಷಗಳಲ್ಲಿ ಮುಂದುವರಿಕೆ ಶಿಕ್ಷಣ ಕೇಂದ್ರ, ಅದಕ್ಕೊಬ್ಬ ಪ್ರೇರಕ. ನಮ್ಮೂರಿಗೆ ಬಂದಿದ್ದು ಒಂದು ಪೆಟ್ಟಿಗೆ ಪುಸ್ತಕ ಅಂತೆ. "ಬೀಗ ಹಾಕಿದ್ರು, ಬೀಗದ ಕೈ ಯಾರತ್ರ ಇತ್ತೋ" ಅನ್ನುತ್ತಾಳೆ ಅಜ್ಜಿ. ಹೊಲ, ಮೇಕೆ, ಒಲೆ ಇವುಗಳಲ್ಲಿ ಅಕ್ಷರದ ಕೆಲಸ ಬೀಳೋದೇ ಇಲ್ಲ. ಅಕ್ಷರದ ಕೆಲಸ ಅಂತ ಬೀಳುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಎಲ್ಲಾದರೂ ಸಹಿ ಹಾಕುವಾಗ. ಹಾಗಾಗಿ ಉಳಿದಿದ್ದೂ ಅದೊಂದೇ.

ಅಂಕಿಅಂಶದಲ್ಲಿ ಮಾತ್ರ ಅಜ್ಜಿ ಉಳಿದುಕೊಂಡಳು. ಏಳು ವರ್ಷ ದಾಟಿದವರು ಯಾವುದಾದರೂ ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಸಾಕ್ಷರರು ಅನ್ನೋದು ಜನಗಣತಿಯ ವ್ಯಾಖ್ಯೆ. ಆದರೆ ಎಣಿಸೋಕೆ ಬಂದವರು ಓದಿಸಿ ನೋಡಲ್ಲ, ಕೇಳಿ ಬರೆದುಕೊಳ್ಳುತ್ತಾರೆ ಅಷ್ಟೆ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75 ದಾಟಿತ್ತು, ಹೆಂಗಸರದ್ದು 68. ಆ 68ರಲ್ಲಿ ನಮ್ಮಜ್ಜಿಯೂ ಇದ್ದಾಳೆ. "ಸಹಿ ಬರುತ್ತೆ, ಹಾಕ್ಕಳಿ" ಅಂತ ತಾತ ಬರೆಸಿದ್ದಂತೆ. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ತಾತಂದಿರು ಹಾಗೆ ಬರೆಸಿರಬಹುದು!

ಹಾಗಂತ ಲಾಟೀನು ಕ್ಲಾಸುಗಳು ದಂಡ ಅಂತ ನಾನು ಹೇಳೋಕೆ ತಯಾರಿಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಆಂದೋಲನ, ಹೆಚ್ಚುಕಡಿಮೆ ಇದೇ ಸಮಯದಲ್ಲಿ ನಡೆದಾಗ ಆಗಿದ್ದೇ ಬೇರೆ. ಅಲ್ಲಿನ ಹೊಸ ಓದುಗರ ಪುಸ್ತಕದಲ್ಲಿ ಸೀತಮ್ಮ ಅನ್ನೋ ಹೆಂಗಸಿನ ಕತೆ ಒಂದು ಪಾಠವಾಗಿತ್ತು. ಗಂಡನ ಸಾರಾಯಿಯಿಂದ ಹಾಳಾದ ಸಂಸಾರದ ಕತೆ. ಇನ್ನೊಂದು ಪಾಠ, ಹೆಂಗಸರು ಒಂದಾದರೆ ಏನಾಗುತ್ತೆ ಅಂತ. ದೂಬಗುಂಟ ಅನ್ನೋ ಊರಿನಲ್ಲಿ ರೋಸಮ್ಮ ಮತ್ತು ಜೊತೆಯ ಹೆಂಗಸರು ರಾತ್ರಿ ಶಾಲೆಯಲ್ಲಿ ಈ ಮಾತೆಲ್ಲ ಆಡಿಕೊಂಡು, ಊರಿನ ಸಾರಾಯಿ ಅಂಗಡಿಯನ್ನೇ ಮುಚ್ಚಿಸಿಬಿಟ್ಟರು. ಸುದ್ದಿ ಊರೂರಿಗೆ ಹರಡಿತು. ಹೆಂಗಸರು ಸಾರಾಯಿ ಹರಾಜಿಗೇ ಅಡ್ಡ ನಿಂತರು. ಚಳವಳಿ ನೆಲ್ಲೂರು ದಾಟಿ ರಾಜ್ಯಕ್ಕೆಲ್ಲ ಹಬ್ಬಿ, 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು. ಅದು ಎರಡೇ ವರ್ಷಕ್ಕೆ ಸಡಿಲವಾಯಿತು, ಆ ಕತೆ ಬೇರೆ.

ನೆಲ್ಲೂರಿನ ಹೆಂಗಸರು ನಿಮಿಷಕ್ಕೆ ಎಷ್ಟು ಪದ ಓದುತ್ತಿದ್ದರು? ಯಾರಿಗೆ ಬೇಕು ಅದು! ಪಾಠ ಅವರ ಮನೆಯೊಳಗಿನ ವಿಷಯ ಎತ್ತಿತ್ತು. ಓದಿದ್ದನ್ನ ಮರುದಿನ ಬೆಳಿಗ್ಗೆ ಬಳಸೋಕೆ ಊರಲ್ಲೇ ಜಾಗ ಇತ್ತು. ನಮ್ಮಜ್ಜಿಯ ಪುಸ್ತಕಗಳಲ್ಲಿ ಏನಿತ್ತು ಅಂತ ಕೇಳಿದರೆ ಅವಳಿಗೆ ನೆನಪಿರೋದು ಒಂದು ಚಿತ್ರ, ಹೆಂಗಸು ಬಿಂದಿಗೆ ಹೊತ್ತಿದ್ದು.

ಈಗ ನಮ್ಮ ಕ್ಯಾಂಪಸ್ಸಿನ ವಿಷಯ. ಡಿಗ್ರಿ ಕೈಗೆ ಬರಬೇಕಾದರೆ 100 ಆ್ಯಕ್ಟಿವಿಟಿ ಪಾಯಿಂಟ್ ಬೇಕಲ್ಲ, ಅದಕ್ಕೆ ಹೋದ ಸೆಮ್ ನಾವು ನಾಲ್ಕು ಜನ ಎನ್‌ಎಸ್‌ಎಸ್ ಮೂಲಕ ಹಾಸ್ಟೆಲ್ ಮೆಸ್ಸಿನಲ್ಲಿ ಪಾತ್ರೆ ತೊಳೆಯೋ ಅಕ್ಕಂದಿರಿಗೆ ಓದು ಕಲಿಸೋಕೆ ಒಪ್ಪಿಕೊಂಡೆವು. ಸುಳ್ಳು ಯಾಕೆ, ಪಾಯಿಂಟಿಗೇ ಒಪ್ಪಿಕೊಂಡಿದ್ದು. ಈಗ ನಡೀತಿರೋ ಕೇಂದ್ರದ ಯೋಜನೆ 'ಉಲ್ಲಾಸ್', 2022ರಿಂದ 2027ರವರೆಗೆ. 15 ದಾಟಿದ ಎಲ್ಲರಿಗೂ. ಇದೂ ಸ್ವಯಂಸೇವಕರ ಮೇಲೇ ನಿಂತಿದೆ, ನಮ್ಮಂಥ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದ್ದೇವೆ. ಒಟ್ಟು ಬಜೆಟ್ 1037.90 ಕೋಟಿ, ಗುರಿ 5 ಕೋಟಿ ಜನ. ಭಾಗಿಸಿ ನೋಡಿ: ಒಬ್ಬರಿಗೆ ಸುಮಾರು 208 ರೂಪಾಯಿ, ಐದು ವರ್ಷಕ್ಕೆ. ನಮ್ಮ ಕ್ಯಾಂಟೀನಿನಲ್ಲಿ ಇಬ್ಬರು ಗೋಬಿ ತಿಂದು ಜ್ಯೂಸ್ ಕುಡಿದರೆ ಮುಗೀತು. ಪುಕ್ಕಟೆ ದುಡಿಯೋ ನಮ್ಮನ್ನು ಯಾಕೆ ಅಷ್ಟು ಪ್ರೀತಿಯಿಂದ ಕರೀತಾರೆ ಅಂತ ಆಗ ಗೊತ್ತಾಯ್ತು.

ಮೊದಲ ವಾರ ನಾನು ಬೋರ್ಡಿನ ಮೇಲೆ ಅ ಆ ಇ ಈ ಬರೆದೆ. ಅ ಅರಸ, ಆ ಆನೆ. ಮೂರು ಜನ ಅಕ್ಕಂದಿರು ತೂಕಡಿಸುತ್ತಾ ಬರೆದುಕೊಂಡರು. ಬೆಳಿಗ್ಗೆ ಐದಕ್ಕೆ ಎದ್ದು ಮುನ್ನೂರು ತಟ್ಟೆ ತೊಳೆದವರು. ನಾಲ್ಕನೇ ಕ್ಲಾಸಿಗೆ ಒಬ್ಬರೇ ಬಂದರು, ಅವರೂ ಹೇಳಿಹೋಗೋಕೆ ಬಂದಿದ್ದು. "ಬೇಜಾರ್ ಮಾಡ್ಕೋಬೇಡ ತಮ್ಮಾ. ಆನೆ ತಗಂಡು ನಾನೇನ್ ಮಾಡ್ಲಿ?"

ಅವತ್ತು ರಾತ್ರಿ ಲೈಬ್ರರಿಯಲ್ಲಿ ಮೈಕ್ರೋಕಂಟ್ರೋಲರ್ ಬಿಟ್ಟು ಪಾವ್ಲೊ ಫ್ರೇರೆ ಓದಿದೆ. 1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್ ಅನ್ನೋ ಊರಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಕಲಿಸಿದ ಪುಣ್ಯಾತ್ಮ. ಅವರ ಕ್ರಮ ವರ್ಣಮಾಲೆಯಿಂದ ಶುರುವಾಗಲ್ಲ. ಕಲಿಯೋರ ಬದುಕಿನಿಂದಲೇ ಒಂದು ಪದ ಎತ್ತಿಕೊಳ್ಳಬೇಕು, ಅದರ ಬಗ್ಗೆ ಮೊದಲು ಮಾತಾಡಬೇಕು, ಆಮೇಲೆ ಅದನ್ನ ಒಡೆಯಬೇಕು. ಪೋರ್ಚುಗೀಸಿನಲ್ಲಿ 'ತಿಜೋಲೊ' ಅಂದರೆ ಇಟ್ಟಿಗೆ. ಅದನ್ನು ತಿ-ಜೋ-ಲೊ ಅಂತ ಒಡೆದು, ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು ಅಂತ ಬಿಡಿಸಿಡುತ್ತಿದ್ದರು. ಅಯ್ಯೋ, ಇದು ನಮ್ಮ ಕಾಗುಣಿತ! ಕಲಿಯೋರು ಆ ತುಂಡುಗಳನ್ನ ಜೋಡಿಸಿ ತಾವೇ ಹೊಸ ಪದ ಕಟ್ಟಬೇಕು. (ಮರುವರ್ಷ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಫ್ರೇರೆಯನ್ನು ಜೈಲಿಗೆ ಹಾಕಿದರು, ಆಮೇಲೆ ಅವರು ದೇಶವನ್ನೇ ಬಿಡಬೇಕಾಯಿತು. ಕೂಲಿಕಾರರಿಗೆ ಓದು ಬಂದರೆ ಯಾರಿಗೋ ಭಯ ಆಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?)

ಮರುದಿನ ಅಕ್ಕನ್ನ ಹಿಡಿದು ಕೇಳಿದೆ: "ನಿಮಗೆ ಓದು ಬಂದ್ರೆ ಮೊದಲು ಏನು ಓದ್ತೀರ?" ಯೋಚನೆ ಮಾಡದೆ ಹೇಳಿದರು: ಹಾಜರಿ ಪುಸ್ತಕ. ತಿಂಗಳ ಕೊನೆಗೆ ಎರಡು ದಿನ ಕಮ್ಮಿ ಬಂದಿದೆ ಅಂದರೆ ಹೌದಾ ಅಂತ ನೋಡೋಕೆ. ಬೋರ್ಡಿನ ಮೇಲೆ 'ಕೂಲಿ' ಅಂತ ಬರೆದೆ. ಅವತ್ತು ಅರ್ಧ ಗಂಟೆ ಬರೀ ಮಾತು. ಯಾರಿಗೆ ಎಷ್ಟು ಕೂಲಿ, ರಜಾ ಹಾಕಿದರೆ ಎಷ್ಟು ಕಟ್, ನನಗೆ ಗೊತ್ತೇ ಇಲ್ಲದ ನಮ್ಮದೇ ಮೆಸ್ಸಿನ ಲೋಕ. ಆಮೇಲೆ ಕ ಮತ್ತು ಲ, ಎರಡರ ಕಾಗುಣಿತ. ಎರಡೇ ವ್ಯಂಜನ ಇಟ್ಟುಕೊಂಡು ಅಕ್ಕಂದಿರು ಕಾಲು, ಕೋಲು, ಕಲೆ, ಕೀಲಿ, ಕಾಲ, ಲೋಕ ಅಂತ ಕಟ್ಟಿದರು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು ಓದಿದವರಿಗೆ ಜ್ಞಾಪಕ ಇರಬೇಕು, ನಮಗೂ ಅ ಆ ಇಂದ ಶುರು ಮಾಡಿರಲಿಲ್ಲ, ರ ಗ ಸ ದ ಅ ಅಂತ ಬರೆಯೋಕೆ ಸುಲಭವಾದ ಕ್ರಮ. ಮಕ್ಕಳಿಗೇ ಅಷ್ಟು ಯೋಚನೆ ಮಾಡಿದ್ದಾರೆ, ನಾನು ನಲವತ್ತು ದಾಟಿದವರಿಗೆ ಆನೆ ತೋರಿಸುತ್ತಿದ್ದೆ.

ಎಲ್ಲ ಸುಸೂತ್ರವಾಗಿ ನಡೀತು ಅಂತಲ್ಲ. ಒತ್ತಕ್ಷರಕ್ಕೆ ಬಂದಾಗ ಗಾಡಿ ನಿಂತೇಬಿಟ್ಟಿತು. ಒಬ್ಬರು ಕೆಲಸವನ್ನೇ ಬಿಟ್ಟು ಹೋದರು. ಹಾಜರಿ ಪುಸ್ತಕ ನೋಡಿದರೆ ಹೆಸರು ಇಂಗ್ಲಿಷಿನಲ್ಲಿ ಬರೆದಿತ್ತು! ಬ್ಯಾಂಕಿನ ಮೆಸೇಜೂ ಇಂಗ್ಲಿಷಿನಲ್ಲೇ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ಅಂತ ತಿಳಿಯೋಕೆ ಅಕ್ಕ ಮತ್ತೆ ನಮ್ಮ ಹತ್ರವೇ ಬರಬೇಕು. ಕನ್ನಡ ಓದೋಕೆ ಕಲಿಸಿ, ಓದೋ ಕಾಗದವನ್ನೆಲ್ಲ ಇಂಗ್ಲಿಷಿನಲ್ಲಿ ಕೊಟ್ಟರೆ ಏನು ಬಂತು? ಹಾಜರಿ ಪುಸ್ತಕದ ಮೇಲೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸೋಕೆ ಮೆಸ್ ಮ್ಯಾನೇಜರ್ ಒಪ್ಪಿದ್ದು ನಮ್ಮ ಈ ಸೆಮಿಸ್ಟರಿನ ದೊಡ್ಡ ಸಾಧನೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ನಮ್ಮ ಬ್ಯಾಚಿನ ಒಬ್ಬ ಕೇಳಿದ: "ಮಗಾ, ಫೋನೇ ಓದಿ ಹೇಳುತ್ತೆ ಈಗ. ಫೋಟೋ ಹೊಡೆದರೆ ಎಐ ಅರ್ಥನೂ ಹೇಳುತ್ತೆ. ಇನ್ನೆರಡು ವರ್ಷಕ್ಕೆ ಇದೆಲ್ಲ ಯಾಕೆ ಬೇಕು?" ಸುಮ್ಮನೆ ತಳ್ಳಿಹಾಕೋ ಮಾತಲ್ಲ ಇದು. ಅಜ್ಜಿ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸೋದರಲ್ಲಿ ನನಗಿಂತ ಚುರುಕು. ಆದರೆ ಸಾಲದ ಕಾಗದ ಇದ್ದದ್ದು ಅಜ್ಜಿಯ ಕೈಲಿ ಅಲ್ಲ, ಕಂಪನಿಯವನ ಕೈಲಿ, ಅರ್ಧ ಮಡಚಿ, ಸಹಿ ಹಾಕೋ ಜಾಗ ಮಾತ್ರ ಕಾಣೋ ಹಾಗೆ. ಅಲ್ಲಿ ಫೋನ್ ತೆಗೆದು ಫೋಟೋ ಹೊಡಿ ಅಂದರೆ ಹೊಡೀತಾಳಾ? "ಸ್ವಲ್ಪ ಕೊಡಪ್ಪ ಇಲ್ಲಿ" ಅಂತ ಕಾಗದಕ್ಕೆ ಕೈ ಚಾಚೋ ಧೈರ್ಯ ಮೊದಲು ಬರಬೇಕು. ಅದು ಯಾವ ಆ್ಯಪಿನಿಂದ ಬರುತ್ತೋ ನನಗೆ ಗೊತ್ತಿಲ್ಲ.

ತಂತ್ರಜ್ಞಾನದಲ್ಲಿ ನನಗೆ ಹಿಡಿಸಿದ್ದು ಇನ್ನೂ ಸರಳವಾದದ್ದು. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅನ್ನೋರು 1996ರಲ್ಲಿ ಶುರು ಮಾಡಿದ ಉಪಾಯ: ಟಿವಿಯಲ್ಲಿ ಬರೋ ಸಿನಿಮಾ ಹಾಡಿಗೆ ಅದೇ ಭಾಷೆಯಲ್ಲಿ ಸಾಹಿತ್ಯ ತೋರಿಸೋದು. ಹಾಡು ಹೇಗೂ ಬಾಯಿಗೆ ಬರುತ್ತೆ, ಕಣ್ಣು ತಾನಾಗಿ ಅಕ್ಷರದ ಹಿಂದೆ ಓಡುತ್ತೆ. ದೂರದರ್ಶನದ ಚಿತ್ರಹಾರ್‌ನಲ್ಲೂ ಇದನ್ನ ಮಾಡಿದರು. ಪೆಟ್ಟಿಗೆಯ ಬೀಗದ ಕೈ ಕಳೆಯೋ ಪ್ರಶ್ನೆಯೇ ಇಲ್ಲ ಇದರಲ್ಲಿ. ಅಜ್ಜಿಗೆ ಅಂತ ನಾನು ಯೂಟ್ಯೂಬಿನಲ್ಲಿ ಕನ್ನಡದ ಲಿರಿಕಲ್ ವಿಡಿಯೋ ಹುಡುಕಿದರೆ ಸುಮಾರು ಹಾಡಿಗೆ ಸಾಹಿತ್ಯ ಇಂಗ್ಲಿಷ್ ಲಿಪಿಯಲ್ಲಿದೆ. ನವೆಂಬರಿನಲ್ಲಿ ಬಾವುಟ ಹಿಡಿದು ಬೈಕ್ ರ‍್ಯಾಲಿ ಮಾಡೋ ನಮ್ಮ ಸಂಘಕ್ಕೆ ಒಂದು ಸಲಹೆ: ಹಳೇ ಹಾಡಿಗೆ ಕನ್ನಡ ಅಕ್ಷರದಲ್ಲಿ ಸಬ್‌ಟೈಟಲ್ ಹಾಕೋದು ಒಂದು ವೀಕೆಂಡಿನ ಕೆಲಸ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೇ ಕಲಿಸೋಕೆ ಕೂತೆ. ಎರಡು ದಿನ ದಂಡವಾಯಿತು. ಅಕ್ಷರ ತೋರಿಸಿದರೆ ಕಾಗದವನ್ನ ದೂರ ದೂರ ಹಿಡಿಯೋದು, "ಮರ್ತೋಗೈತೆ" ಅನ್ನೋದು. ಮೂರನೇ ದಿನ ನನ್ನ ಮಂದ ತಲೆಗೆ ಹೊಳೆಯಿತು: ಮರೆತಿಲ್ಲ, ಕಾಣ್ತಿಲ್ಲ! ಎರ್ನಾಕುಲಂನ ಆಂದೋಲನದವರು ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಂಚಿದ್ದರು ಅಂತ ಓದಿದ್ದರೂ ನನ್ನ ಅಜ್ಜಿಯ ಕಣ್ಣು ನನಗೆ ನೆನಪಾಗಲಿಲ್ಲ. ಶಿರಾದಲ್ಲಿ 150 ರೂಪಾಯಿಗೆ ಕನ್ನಡಕ ಸಿಕ್ಕಿತು. ಹಾಕಿಕೊಂಡು ಮೊದಲು ನನ್ನ ಮುಖ ನೋಡಿ, "ಇದೇನ್ಲಾ ಗಡ್ಡ ಹಿಂಗ್ ಬಿಟ್ಟಿದೀಯ" ಅಂದಳು.

ಪುಸ್ತಕ ಯಾವುದೂ ಬೇಡ ಅಂದುಕೊಂಡು ಟ್ರಂಕಿನ ಕಾಗದಗಳನ್ನೇ ಹರಡಿದೆ. ಪಿಂಚಣಿ ಆದೇಶ, ರೇಷನ್ ಕಾರ್ಡು, ಕರೆಂಟ್ ಬಿಲ್ಲು. ಅವಳ ಹೆಸರಿನ ಆರು ಅಕ್ಷರ ಎಲ್ಲ ಕಾಗದದಲ್ಲೂ ಇತ್ತು. ಅಲ್ಲಿಂದಲೇ ಶುರು. ರಂಗೋಲಿಯನ್ನ ಒಂದೊಂದೇ ಎಳೆಯಾಗಿ ಬಿಡಿಸಿದ ಹಾಗೆ, ಇದು ಮೊದಲನೇದು, ಇದು ಎರಡನೇದು. ಮೂವತ್ತು ವರ್ಷ ಬರೆದ ಅಕ್ಷರಗಳ ಉಚ್ಚಾರ ಅವಳಿಗೆ ಮತ್ತೆ ಸಿಕ್ಕಿತು. ಕೊನೆಯ ದಿನ ಅವಳೇ ಸಾಲದ ಕಾಗದ ತೆಗಿ ಅಂದಳು. ಬೇಡ ಅಂದೆ, ಕೇಳಲಿಲ್ಲ. ಆ ಸಾಲನ್ನ ಬೆರಳಿಟ್ಟು ಓದೋಕೆ ಸುಮಾರು ಹತ್ತು ನಿಮಿಷ ಹಿಡಿಯಿತು. 'ಜವಾಬ್ದಾರರು' ಅನ್ನೋ ಪದದ ಹತ್ರ ಎರಡು ಸಲ ಎಡವಿದಳು. ಮುಗಿದ ಮೇಲೆ ಕಾಗದ ಮಡಚಿ, "ಕಟ್ಟಿದ್ದು ನ್ಯಾಯವೇ, ಬಿಡು" ಅಂದು ಮೇಕೆ ಕಟ್ಟೋಕೆ ಹೋದಳು.

ಉಲ್ಲಾಸ್‌ನ ಪರೀಕ್ಷೆ 150 ಅಂಕಕ್ಕೆ: ಓದು, ಬರಹ, ಲೆಕ್ಕ, ತಲಾ 50. ಅದರಲ್ಲಿ ಒಂದು 20 ಅಂಕಕ್ಕಾದರೂ ಇಂಥ ನಿಜವಾದ ಕಾಗದ ಕೊಡಿ ಅಂತ ಕೇಳಬೇಕು ಅನ್ಸುತ್ತೆ ನನಗೆ. ಕ್ಯೂಬಾದಲ್ಲಿ 1961ರಲ್ಲಿ ಒಂದು ಲಕ್ಷದಷ್ಟು ವಿದ್ಯಾರ್ಥಿಗಳು, ಹೈಸ್ಕೂಲ್ ಹುಡುಗ ಹುಡುಗಿಯರು, ಲಾಟೀನು ಹಿಡಿದು ಹಳ್ಳಿಗೆ ಹೋಗಿ ಕಲಿಸಿದಾಗ ಕೊನೆಯ ಪರೀಕ್ಷೆಯಲ್ಲಿ ಒಂದು ಕಾಗದ ಬರೆಸುತ್ತಿದ್ದರು, ಫಿಡೆಲ್ ಕ್ಯಾಸ್ಟ್ರೋಗೆ. ಯಾರಿಗೆ ಬರೆದರು ಅನ್ನೋದು ಹಾಗಿರಲಿ, ಬಾಯಿಪಾಠದ ಪುಟ ಅಲ್ಲಿ ನಡೆಯಲ್ಲ. ಅಲ್ಲಿ ಆಂದೋಲನ ಮುಗಿದ ಮೇಲೂ ಮುಂದಿನ ತರಗತಿಗಳು ನಡೆದವು, ಪೆಟ್ಟಿಗೆಗೆ ಬೀಗ ಬೀಳಲಿಲ್ಲ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಮೇಕೆಗಳಿಗೆ ವಿಮೆ ಮಾಡಿಸೋಕೆ ಒಬ್ಬ ಹುಡುಗ ಫಾರಂ ಹಿಡಿದು ಬಂದ. ಜಗಲಿ ಮೇಲೆ ಕೂತು "ಇಲ್ಲೊಂದು ಸಹಿ ಹಾಕಜ್ಜಿ" ಅಂದ.

"ನಂಗೆ ಸಹಿ ಬರಲ್ಲ ಕಣಪ್ಪ. ಹೆಬ್ಬೆಟ್ಟು ಒತ್ತೀನಿ. ಏನ್ ಬರ್ದೈತೆ ಓದಿ ಯೋಳು."

ನಾನು ಬಾಯಿ ತೆಗೆಯೋದರೊಳಗೆ ಅಜ್ಜಿ ನನ್ನ ಕಾಲು ತುಳಿದಳು. ಕನ್ನಡಕ ಏರಿಸಿ ಅವನ ಪಕ್ಕಕ್ಕೇ ಸರಿದು ಕೂತಳು. ಅವನು ಓದುತ್ತಾ ಹೋದ. ಅವಳ ತೋರುಬೆರಳು ಕಾಗದದ ಅಂಚಿನಲ್ಲಿ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಅವನಿಗಿಂತ ಸ್ವಲ್ಪ ಹಿಂದೆ, ಆದರೂ ಇಳಿಯುತ್ತಿತ್ತು. ಓದು ಮುಗಿಸಿ ಇಂಕ್ ಪ್ಯಾಡ್ ತೆಗೆದ.

"ಕೆಳಗೊಂದು ಸಾಲು ಬಿಟ್ಟೆ" ಅಂದಳು ಅಜ್ಜಿ.

ಹುಡುಗ ಬಗ್ಗಿ ನೋಡಿದ. "ಅಜ್ಜಿ, ಅದು ಪ್ರಿಂಟ್ ಮಾಡಿದ ಪ್ರೆಸ್ಸಿನ ಹೆಸ್ರು."

"ಇರ್ಲಿ, ಅದ್ನೂ ಓದು."